ಮಳೆ ನಿಂತ ಮೇಲೆ ಗುಡಿ, ಬನ, ದೇವರಕಾಡು: ಪದೇ ಪದೇ ಕೇಳುವ ಪ್ರಶ್ನೆಗಳು

2018ರ ಆಗಸ್ಟ್‌ನಲ್ಲಿ ಮಡಿಕೇರಿಯ ಸುತ್ತಮುತ್ತ ಗುಡ್ಡಗಳು ಜಾರಿದಾಗ ಅವಘಡಕ್ಕೆ ಸಿಕ್ಕ ಗುಡಿ, ಬನಗಳನ್ನು ಕಾಪಾಡಿ ಮತ್ತೆ ನಿಲ್ಲಿಸುವ ಈ ಕೆಲಸಕ್ಕೆ ನಾನು ಮೊದಲು ಕೈಹಾಕಿದೆ. ಮರುವರ್ಷ ಮಲಪ್ರಭೆ, ತುಂಗಭದ್ರೆಯರು ಉಕ್ಕಿ ಹರಿದರು. 2020ರಲ್ಲಿ ತಲಕಾವೇರಿಯಲ್ಲೇ ಬೆಟ್ಟ ಕುಸಿಯಿತು. 2024ರ ಜುಲೈನಲ್ಲಿ ಉತ್ತರ ಕನ್ನಡದ ಶಿರೂರು, ಅದರ ಬೆನ್ನಿಗೇ ಕೇರಳದ ವಯನಾಡು. ಪ್ರತಿ ಸಲವೂ ಫೋನಿನಲ್ಲಿ, ಪತ್ರಗಳಲ್ಲಿ, ಊರ ಸಭೆಗಳಲ್ಲಿ ಎದುರಾಗುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಕೇಳಿದವರ ಮಾತಿನಲ್ಲೇ ಬರೆದಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿಕೊಂಡರೂ ಸಾಕು.

## ಮೊದಲಿಗೆ ಕೇಳುವವು

ಜನರಿಗೇ ತಲೆಯ ಮೇಲೆ ಸೂರಿಲ್ಲ. ಈ ಹೊತ್ತಿನಲ್ಲಿ ಗುಡಿಯ ಚಿಂತೆ ಯಾಕೆ?

ಜೀವ ಮೊದಲು, ಅದರಲ್ಲಿ ಎರಡು ಮಾತಿಲ್ಲ. ಮಣ್ಣಿನಡಿ ಯಾರಾದರೂ ಇದ್ದಾರೆಂಬ ಅನುಮಾನವಿದ್ದರೆ ಗರ್ಭಗುಡಿಯನ್ನೇ ಅಗೆಯಬೇಕಾಗಿ ಬಂದರೂ ಅಗೆಯಬೇಕು.

ಆದರೆ ಪರಿಹಾರ ಶಿಬಿರದಲ್ಲಿ ಕೆಲವು ದಿನ ಕಳೆದವರಿಗೆ ಇನ್ನೊಂದು ಸಂಗತಿಯೂ ಗೊತ್ತಿರುತ್ತದೆ. ಮೊದಲೆರಡು ದಿನ ಜನ ಕಾಣೆಯಾದವರನ್ನು ಕೇಳುತ್ತಾರೆ, ದನಕರುಗಳನ್ನು ಕೇಳುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಹತ್ತಿರ ಬಂದು, ಸಂಕೋಚದಿಂದ, "ಕೈಮಡ ನಿಂತಿದೆಯೇ?" ಎನ್ನುತ್ತಾರೆ. ಐನ್‌ಮನೆಯ (ಕುಟುಂಬದ ಮೂಲಮನೆಯ) ಪಕ್ಕದ ಆ ಚಿಕ್ಕ ಗುಡಿಯಲ್ಲಿ ಅವರ ಕುಟುಂಬದ ಹಿರಿಯರಿದ್ದಾರೆ. ಮನೆಯನ್ನು ಸರ್ಕಾರ ಕಟ್ಟಿಕೊಡಬಹುದು, ಕಾರಣವರನ್ನು, ಅಂದರೆ ಆ ಹಿರಿಯರನ್ನು, ಕಟ್ಟಿಕೊಡಲು ಯಾರಿಂದಲೂ ಆಗದು. ಆ ಪ್ರಶ್ನೆಗೆ ಸರಿಯಾದ ಉತ್ತರ ತಂದುಕೊಟ್ಟ ದಿನ ಅವರು ಮೊದಲ ಬಾರಿಗೆ ನೆಮ್ಮದಿಯಿಂದ ನಿದ್ದೆ ಮಾಡಿದ್ದನ್ನು ಕಂಡಿದ್ದೇನೆ.

ಕಾಯಲಾಗದ ಕಾರಣವೂ ಒಂದಿದೆ. ಇಂಥ ಜಾಗಗಳಿಗೆ ಸರಿಪಡಿಸಲಾಗದ ಹಾನಿ ಬಹುಪಾಲು ಆಗುವುದು ಅವಘಡದ ನಂತರದ ವಾರ, ಹತ್ತು ದಿನಗಳಲ್ಲಿ. ಮಾಡುವವರು ಒಳ್ಳೆಯ ಮನಸ್ಸಿನ ಜನರೇ.

ನಮ್ಮೂರಿನಲ್ಲಿ ಹಂಪಿಯಂಥದ್ದೇನೂ ಇಲ್ಲ. ನಮಗೂ ಇದು ಅನ್ವಯಿಸುತ್ತದೆಯೇ?

ಹೆಚ್ಚು ಅನ್ವಯಿಸುವುದು ನಿಮಗೇ. ಹಂಪಿ, ಪಟ್ಟದಕಲ್ಲುಗಳ ಬೆನ್ನಿಗೆ ಕಾನೂನು, ಇಲಾಖೆ, ಕಾವಲು ಎಲ್ಲವೂ ಇವೆ. ನಾಗಬನ, ಊರ ಮಾರಿಗುಡಿ, ದೈವದ ಕಟ್ಟೆ, ಹೊಲದ ಬದುವಿನ ವೀರಗಲ್ಲು, ದರ್ಗಾದ ಪಕ್ಕದ ಹಳೆಯ ಗೋರಿಗಳು, ಸ್ಮಶಾನ, ಸುಗ್ಗಿಯ ಕುಣಿತ ನಡೆಯುವ ಬಯಲು, ಊರವರು ಸೇರುವ ಕೊಡಗಿನ ಬಯಲಾದ ಮಂದ್, ಕುಟುಂಬದವರನ್ನು ಮಣ್ಣು ಮಾಡುವ ತೂಟಂಗಳ: ಇವು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಎಷ್ಟೋ ಕಡೆ ಗೋಡೆಯೂ ಇರುವುದಿಲ್ಲ. ಹೊರಗಿನವರ ಕಣ್ಣಿಗೆ ಅದು ನಾಲ್ಕು ಕಲ್ಲು, ಒಂದು ಮರ.

ಊರವರು ಎಂದರೆ ಯಾರು? ಸಮಿತಿಯ ಅಧ್ಯಕ್ಷರನ್ನು ಕೇಳಿದರೆ ಸಾಲದೇ?

ಸಾಲದು. ಅಧ್ಯಕ್ಷರಿಗೆ ಲೆಕ್ಕಪತ್ರ ಗೊತ್ತಿರುತ್ತದೆ. ಯಾವ ಕಲ್ಲಿನ ಮೇಲೆ ಮೊದಲು ಎಣ್ಣೆ ಸುರಿಯಬೇಕು, ಯಾವ ಮರದ ಕೆಳಗೆ ಚಪ್ಪಲಿ ಬಿಡಬೇಕು ಎಂಬುದು ಬೇರೆಯವರಿಗೆ ಗೊತ್ತಿರುತ್ತದೆ.

ಕೊಡಗಿನ ದೇವರಕಾಡುಗಳನ್ನೇ ನೋಡಿ. 1,214 ದೇವರಕಾಡುಗಳು, ಒಟ್ಟು ಸುಮಾರು 2,550 ಹೆಕ್ಟೇರು. ಹದಿನೆಂಟು ಸಮುದಾಯಗಳು ಇವುಗಳೊಂದಿಗೆ ನಂಟು ಹೊಂದಿವೆ ಎಂಬುದು ಎಲ್ಲರೂ ಒಪ್ಪುವ ಲೆಕ್ಕ. ಊರ ಮುಖ್ಯಸ್ಥರಾದ ತಕ್ಕರು ಹಬ್ಬದ ಕಟ್ಟು (ಕಟ್ಟುಪಾಡು) ಹಾಕುತ್ತಾರೆ. ಪೂಜೆಗೆ ಒಬ್ಬರು, ತೆರೆ (ದೈವದ ವೇಷ) ಕಟ್ಟಲು ಇನ್ನೊಬ್ಬರು, ಡೋಲು ಬಾರಿಸಲು ಮೇದರು. ಕಾಡಿನೊಳಗಿನ ದಾರಿ, ನೀರಿನ ಸೆಲೆ ಕಾಡಿನ ಬುಡಕಟ್ಟುಗಳಾದ ಕುಡಿಯರಿಗೆ, ಯರವರಿಗೆ, ಕುರುಬರಿಗೆ ಗೊತ್ತು. ಹಬ್ಬ ನಡೆಯಬೇಕಾದರೆ ಇವರೆಲ್ಲ ಬೇಕು. ಹಾಗಿದ್ದ ಮೇಲೆ ದುರಸ್ತಿಯ ಸಭೆಗೆ ಇವರೆಲ್ಲ ಬೇಡವೇ?

ನಾನು ಹೋದ ಹೆಚ್ಚಿನ ಸಭೆಗಳಲ್ಲಿ ಮುಂದಿನ ಸಾಲಿನ ಕುರ್ಚಿಗಳಲ್ಲಿ ಕೂತವರು ಒಂದೇ ಜಾತಿಯ ಗಂಡಸರು. ಉಳಿದವರು ಬಾಗಿಲ ಹೊರಗೆ ನಿಂತು ಕೇಳಿಸಿಕೊಳ್ಳುತ್ತಿದ್ದರು. ಇದು ಬದಲಾಗದೆ "ಸಮುದಾಯದ ಸಹಭಾಗಿತ್ವ" ಎಂದು ವರದಿಯಲ್ಲಿ ಬರೆಯುವುದು ಸುಳ್ಳು. ಅದಕ್ಕೇ ನಾನು ಒಂದು ರೂಢಿ ಇಟ್ಟುಕೊಂಡಿದ್ದೇನೆ. ಕಳೆದ ಹಬ್ಬದಲ್ಲಿ ಯಾರು ಯಾರು ಏನು ಕೆಲಸ ಮಾಡಿದರು ಎಂದು ಕೇಳಿ ಹೆಸರು ಬರೆದುಕೊಳ್ಳುತ್ತೇನೆ. ಅಂಗಳ ಗುಡಿಸಿದ ಹೆಂಗಸು, ಬಾಳೆ ಎಲೆ ತಂದವನು, ವಾದ್ಯದವರು, ಅಡುಗೆಯವರು. ಆ ಪಟ್ಟಿಯೇ ನನ್ನ ಸಮಿತಿ. ಅವರೆಲ್ಲ ಒಂದೇ ಕಡೆ ಕೂರಲು ಒಪ್ಪದಿದ್ದರೆ ಮೂರು ಸಭೆ ಮಾಡಿ. ಶಿಬಿರದಲ್ಲಿರುವವರಿಗೆ ಶಿಬಿರದಲ್ಲೇ ಮಾಡಿ.

## ಮೊದಲ ಕೆಲವು ದಿನಗಳು

ಕೆಸರು ತೆಗೆಯಲು ಜೆಸಿಬಿ ಬಂದು ನಿಂತಿದೆ. ಗಂಟೆಗೆ ಇಷ್ಟು ಎಂದು ಬಾಡಿಗೆ ಓಡುತ್ತಿದೆ. ತೆಗೆಸಿಬಿಡೋಣವೇ?

ರಸ್ತೆಯ ಮಣ್ಣನ್ನು ತೆಗೆಸಿ. ಗುಡಿಯ ಪ್ರಾಕಾರದ ಹೊರಗೇ ಅದನ್ನು ನಿಲ್ಲಿಸಿ.

ದಕ್ಷಿಣ ಕೊಡಗಿನ ಒಂದು ಊರಿನಲ್ಲಿ ನಾನು ತಡವಾಗಿ ತಲುಪಿದ್ದೆ. ಅಯ್ಯಪ್ಪನ ದೇವರಕಾಡು ಅದು. ಅಲ್ಲಿ ಹರಕೆ ಹೊತ್ತವರು ಸುಟ್ಟ ಮಣ್ಣಿನ ನಾಯಿಗಳನ್ನು ಒಪ್ಪಿಸುತ್ತಾರೆ. ತಲೆಮಾರುಗಳಿಂದ ಒಪ್ಪಿಸಿದ ನಾಯಿಗಳು ಮರದ ಬುಡದಲ್ಲಿ ಸಾಲಾಗಿ ಕೂತಿರುತ್ತವೆ. ಮೇಲಿನಿಂದ ಮಣ್ಣು ಜಾರಿ ಅವನ್ನೆಲ್ಲ ಮುಚ್ಚಿತ್ತು. ಯಂತ್ರದ ಚಾಲಕನಿಗೆ ಕಂಡದ್ದು ಒಡೆದ ಮಡಕೆಯ ಚೂರುಗಳು. ಎರಡು ಗಂಟೆಯ ಕೆಲಸ, ಎಲ್ಲವೂ ಟಿಪ್ಪರ್ ಏರಿ ಹೋಗಿ ಹಳ್ಳದ ಬದಿಯಲ್ಲಿ ಸುರಿದಾಗಿತ್ತು. ನಾವು ಅಲ್ಲಿಗೆ ಹೋದಾಗ ಹಿರಿಯರೊಬ್ಬರು ಆ ರಾಶಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಕೈಯಿಂದಲೇ ಕೆದಕುತ್ತಿದ್ದರು. ಒಂದು ಕಿವಿ ಸಿಕ್ಕಿತು, ಆಮೇಲೆ ಮೂತಿಯ ತುಂಡು. ಪಂಚೆಯ ತುದಿಗೆ ಒರೆಸಿ, ಎರಡನ್ನೂ ಜೋಡಿಸಿ ನೋಡಿದರು. ಬೇರೆ ಬೇರೆ ನಾಯಿಯವು. ಮತ್ತೆ ಕೆದಕತೊಡಗಿದರು. ಅವುಗಳನ್ನು ಅಲ್ಲಿಂದ ಜಾರಿಸಿದ್ದು ಮಳೆಯಾದರೂ ಒಡೆದದ್ದು ಯಂತ್ರದ ಬಕೆಟ್ಟು.

ಆದ್ದರಿಂದ ಒಳಗೆ ಗುದ್ದಲಿ, ಬುಟ್ಟಿ, ಕೈ ಮಾತ್ರ. ಜಾಗವನ್ನು ಹಗ್ಗ ಕಟ್ಟಿ ಚೌಕಗಳಾಗಿ ಮಾಡಿ. ತೆಗೆಯುವ ಮೊದಲು ಪ್ರತಿ ಚೌಕದ ಫೋಟೊ ತೆಗೆಯಿರಿ. ಯಾವ ಚೌಕದ ಮಣ್ಣು ಯಾವ ರಾಶಿಗೆ ಹೋಯಿತೆಂದು ಬರೆದಿಡಿ. ಆ ಮಣ್ಣನ್ನು ಕನಿಷ್ಠ ಒಂದು ಮಳೆಗಾಲ ಕಳೆಯುವವರೆಗೆ ಊರು ಬಿಟ್ಟು ಹೊರಗೆ ಸಾಗಿಸಬೇಡಿ. ಸಿಕ್ಕ ಕಲ್ಲು, ಮರದ ತುಂಡುಗಳಿಗೆ ದಾರದಲ್ಲಿ ಚೀಟಿ ಕಟ್ಟಿ. ಸಂಖ್ಯೆಯನ್ನು ಕಲ್ಲಿನ ಮೇಲೆಯೇ ಬಣ್ಣದಲ್ಲಿ ಬರೆಯಬೇಡಿ, ಅದು ಹೋಗುವುದಿಲ್ಲ.

ನಾವು ಬೆಂಗಳೂರಿನಿಂದ ಬಂದ ಸ್ವಯಂಸೇವಕರು. ಒಳಗೆ ಹೋಗಿ ಸ್ವಚ್ಛ ಮಾಡಬಹುದೇ?

ಕೇಳಿ, ಒಪ್ಪಿದರೆ ಹೋಗಿ. ಒಪ್ಪದಿದ್ದರೆ ಹೊರಗಿನ ಕೆಲಸ ಬೇಕಾದಷ್ಟಿದೆ: ನೀರು ಹೊರುವುದು, ಚೀಟಿ ಬರೆಯುವುದು, ಟಾರ್ಪಾಲು ಕಟ್ಟುವುದು. ಕೆಲವು ಬನಗಳಿಗೆ ವರ್ಷದಲ್ಲಿ ಒಂದೇ ದಿನ ಪ್ರವೇಶ. ಕೆಲವು ಕಡೆ ಚರ್ಮದ ವಸ್ತು ಆಗದು, ಕೆಲವು ಕಡೆ ಸಾವಿನ ಸೂತಕದಲ್ಲಿರುವ ಮನೆಯವರು ಒಳಗೆ ಕಾಲಿಡುವುದಿಲ್ಲ. ಅವಘಡದ ವಾರದಲ್ಲಿ ಊರಿಗೆ ಊರೇ ಸೂತಕದಲ್ಲಿರಬಹುದು. ಅಂಥ ಹೊತ್ತಿನಲ್ಲಿ ಪಕ್ಕದ ನಾಡಿನಿಂದ ಯಾರನ್ನು ಕರೆಸಬೇಕೆಂದು ಅವರೇ ಹೇಳುತ್ತಾರೆ. ಗೋಡೆ, ಮಾಡು ಅಲುಗಾಡುತ್ತಿದ್ದರೆ ಯಾರ ಒಪ್ಪಿಗೆ ಇದ್ದರೂ ಒಳಗೆ ಹೋಗಬೇಡಿ.

ಮೂರ್ತಿ, ದೈವದ ಮೊಗ, ಪಲ್ಲಕ್ಕಿ, ತಾಳೆಗರಿ, ಹಳೆಯ ಕಡತ ಎಲ್ಲ ಒದ್ದೆಯಾಗಿವೆ. ಬಿಸಿಲಿಗೆ ಹರಡಬಹುದೇ?

ಬೇಡ. ಎಲ್ಲರೂ ಮಾಡುವ ತಪ್ಪೇ ಅದು. ಒದ್ದೆ ಮರವನ್ನು ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ, ಹಳೆಯ ಬಣ್ಣ ಸಿಪ್ಪೆ ಏಳುತ್ತದೆ. ಪಲ್ಲಕ್ಕಿ, ಮರದ ಉರು (ದೈವದ ಪ್ರತಿಮೆ), ಕಂಬಗಳನ್ನು ನೆರಳಿನಲ್ಲಿ, ಗಾಳಿಯಾಡುವ ಕಡೆ, ನೆಲಕ್ಕೆ ತಾಗದಂತೆ ಹಲಗೆಯ ಮೇಲಿಟ್ಟು ನಿಧಾನವಾಗಿ ಒಣಗಲು ಬಿಡಿ. ತಿಂಗಳುಗಟ್ಟಲೆ ಹಿಡಿಯಬಹುದು, ಹಿಡಿಯಲಿ.

ಹಿತ್ತಾಳೆ, ಪಂಚಲೋಹದ ಮೊಗ ಮತ್ತು ಮೂರ್ತಿಗಳನ್ನು ಒಳ್ಳೆಯ ನೀರಿನಲ್ಲಿ ತೊಳೆದು ಮೆತ್ತನೆಯ ಬಟ್ಟೆಯಲ್ಲಿ ಒರೆಸಿದರೆ ಸಾಕು. ಹೊಳಪು ಬರಲೆಂದು ಹುಣಸೆಹಣ್ಣು, ಬೂದಿ, ಮರಳು ಹಾಕಿ ತಿಕ್ಕಬೇಡಿ. ಗೋಡೆಯ ಚಿತ್ರಗಳ ಮೇಲಿನ ಹಸಿ ಕೆಸರನ್ನು ಒರೆಸಲು ಹೋಗಬೇಡಿ, ಬಣ್ಣವೂ ಜೊತೆಗೆ ಬರುತ್ತದೆ. ಅದು ತಜ್ಞರ ಕೆಲಸ.

ಕಾಗದಕ್ಕೆ ಆತುರವಿದೆ. ನಮ್ಮ ಮಳೆನಾಡಿನ ತೇವದಲ್ಲಿ ಎರಡು ದಿನದೊಳಗೆ ಬೂಷ್ಟು ಹಿಡಿಯಲು ಶುರುವಾಗುತ್ತದೆ. ಪುಟಗಳ ನಡುವೆ ಅಚ್ಚಿಲ್ಲದ ಬಿಳಿ ಹಾಳೆ ಇಟ್ಟು ಫ್ಯಾನಿನ ಕೆಳಗಿಡಿ. ಕಡತಗಳು ತುಂಬ ಇದ್ದು ಕೈ ಸಾಲದಿದ್ದರೆ, ಕಟ್ಟುಗಳನ್ನು ಪ್ಲಾಸ್ಟಿಕ್ ಚೀಲಗಳಲ್ಲಿಟ್ಟು ಐಸ್‌ಕ್ರೀಂ ಅಂಗಡಿಯ ಡೀಪ್ ಫ್ರೀಜರಿನಲ್ಲಿ ಇಡಿಸಿ. ಮರುಳು ಎನ್ನಿಸಬಹುದು. ಆದರೆ ಹೆಪ್ಪುಗಟ್ಟಿದ ಕಾಗದಕ್ಕೆ ಬೂಷ್ಟು ಹಿಡಿಯುವುದಿಲ್ಲ, ತಜ್ಞರು ಬರುವವರೆಗೆ ಸಮಯ ಸಿಗುತ್ತದೆ. ತಾಳೆಗರಿಯನ್ನು ಮಾತ್ರ ನೆರಳಿನಲ್ಲಿ ಗರಿ ಬಿಡಿಸಿ ಒಣಗಿಸಿ. ಅಂಟಿಕೊಂಡಿದ್ದರೆ ಎಳೆಯದೆ ಹಾಗೇ ಬಿಡಿ.

ಕೆಸರಿನಲ್ಲಿ ಹಳೆಯ ವಿಗ್ರಹವೊಂದು ಸಿಕ್ಕಿದೆ. ನಮ್ಮ ಗುಡಿಯಲ್ಲೇ ಇಟ್ಟುಕೊಂಡರೆ ತಪ್ಪೇ?

ನಿಮ್ಮ ಗುಡಿಯದ್ದೇ ವಿಗ್ರಹ ಸಿಕ್ಕಿದ್ದರೆ ಅದು ಬೇರೆ ಮಾತು. ಯಾರದೆಂದು ಗೊತ್ತಿಲ್ಲದ ಹಳೆಯ ವಿಗ್ರಹ, ನಾಣ್ಯ, ತಾಮ್ರಪಟ ನೆಲದಲ್ಲಿ ಸಿಕ್ಕರೆ ತಹಶೀಲ್ದಾರರ ಮೂಲಕ ಜಿಲ್ಲಾಡಳಿತಕ್ಕೆ ತಿಳಿಸಬೇಕೆಂದು ಕಾನೂನೇ ಇದೆ. ಸಿಕ್ಕ ಜಾಗದಲ್ಲೇ ಇರುವಂತೆ ಫೋಟೊ ತೆಗೆದು, ನಾಲ್ಕು ಜನರ ಸಹಿ ಹಾಕಿಸಿ ಪಂಚನಾಮೆ ಮಾಡಿಸಿ. ಬರಹವಿರುವ ಕಲ್ಲಾದರೆ ಅಕ್ಷರಗಳ ಮೇಲೆ ಸುಣ್ಣ, ಅರಿಸಿನ ಬಳಿಯಬೇಡಿ. ಆ ಕಲ್ಲನ್ನು ಊರಿನಲ್ಲೇ ಉಳಿಸಿಕೊಳ್ಳಲು ಬರವಣಿಗೆಯಲ್ಲಿ ಕೇಳುವ ಹಕ್ಕು ನಿಮಗಿದೆ.

ಹಾನಿಯ ಫೋಟೊ, ವಿಡಿಯೊ ವಾಟ್ಸ್‌ಆ್ಯಪ್‌ನಲ್ಲಿ ಹಾಕಿದರೆ ನೆರವು ಬೇಗ ಬರುವುದಿಲ್ಲವೇ?

ಬರಬಹುದು, ಕಳ್ಳರೂ ಬರಬಹುದು. ಬಾಗಿಲು ಮುರಿದ ಗುಡಿ, ತೆರೆದ ಭಂಡಾರದ ಪೆಟ್ಟಿಗೆ, ಊರಿನ ಹೆಸರು ಮೂರೂ ಒಂದೇ ಫೋಟೊದಲ್ಲಿ ಇರಬಾರದು. ಗರ್ಭಗುಡಿಯೊಳಗಿನ ಚಿತ್ರ ಹೊರಗೆ ಹೋಗಬೇಕೇ ಎಂಬುದನ್ನು ಪೂಜೆಯವರು ಹೇಳಲಿ.

ಈ ವರ್ಷದ ಹಬ್ಬ ನಡೆಸಬೇಕೇ, ಬಿಡಬೇಕೇ?

ನಾನು ಹೇಳುವಂಥದ್ದಲ್ಲ, ನಿಮ್ಮ ಊರು ತೀರ್ಮಾನಿಸುವಂಥದ್ದು. ಕಂಡದ್ದನ್ನು ಹೇಳಬಲ್ಲೆ. 2018ರಲ್ಲಿ ಮಡಿಕೇರಿ ದಸರಾ ಸರಳವಾಗಿ ನಡೆಯಿತು. 2020ರ ಆಗಸ್ಟ್ ಮೊದಲ ವಾರದಲ್ಲಿ ತಲಕಾವೇರಿಯ ಅರ್ಚಕರ ಮನೆಗಳ ಮೇಲೆ ಬೆಟ್ಟ ಕುಸಿದು ಜೀವಗಳು ಹೋದವು. ಅದೇ ಅಕ್ಟೋಬರ್‌ನಲ್ಲಿ ತುಲಾ ಸಂಕ್ರಮಣದ ತೀರ್ಥೋದ್ಭವ ಕೊರೊನಾ ನಿರ್ಬಂಧಗಳ ನಡುವೆ ಕಡಿಮೆ ಜನರೊಂದಿಗೆ ನಡೆಯಿತು. ಹಬ್ಬವನ್ನು ಚಿಕ್ಕದು ಮಾಡಿದ ಊರುಗಳು ಮತ್ತೆ ಎದ್ದು ನಿಂತಿವೆ. ಪೂರ್ತಿ ನಿಲ್ಲಿಸಿದ ಕೆಲವು ಕಡೆ, ಮತ್ತೆ ಶುರು ಮಾಡುವಾಗ ಯಾರ ಪಾಲಿನ ಕೆಲಸ ಯಾವುದು ಎಂಬುದೇ ಜಗಳವಾಯಿತು.

## ಮತ್ತೆ ಕಟ್ಟುವಾಗ

ಸಿಮೆಂಟ್ ಗಟ್ಟಿ, ಬೇಗ ಆಗುತ್ತದೆ, ದಾನಿಗಳೂ ಕೊಡುತ್ತಿದ್ದಾರೆ. ಯಾಕೆ ಬೇಡ ಎನ್ನುತ್ತೀರಿ?

ಹೊಸ ಶೌಚಾಲಯಕ್ಕೆ, ಅಡುಗೆ ಮನೆಗೆ ಬಳಸಿ. ಹಳೆಯ ಕಲ್ಲಿನ ಗೋಡೆಗೆ ಬೇಡ.

ಕಲ್ಲು ನೀರು ಕುಡಿಯುತ್ತದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆಯ ನೀರು ಪಟ್ಟದಕಲ್ಲಿನ ದೇವಾಲಯಗಳ ಅಂಗಳಕ್ಕೆ ನುಗ್ಗಿತಲ್ಲ, ಆ ಮರಳುಗಲ್ಲಿನಂಥ ಕಲ್ಲು ಕುಡಿದ ನೀರನ್ನು ಬಿಟ್ಟುಕೊಡಲು ಬಹುಕಾಲ ಬೇಕು. ನೀರು ಹೊರಬರುವಾಗ ಒಳಗೆ ಕರಗಿದ ಉಪ್ಪನ್ನೂ ತರುತ್ತದೆ. ಕಲ್ಲುಗಳ ನಡುವೆ ಸುಣ್ಣದ ಗಾರೆ ಇದ್ದರೆ ತೇವ ಆ ಸಂದಿನಿಂದ ಉಸಿರಾಡುತ್ತದೆ, ಉಪ್ಪು ಗಾರೆಯಲ್ಲಿ ಹರಳುಗಟ್ಟಿ ಗಾರೆಯನ್ನು ಉದುರಿಸುತ್ತದೆ. ಗಾರೆಯನ್ನು ಮತ್ತೆ ತುಂಬಬಹುದು. ಸಂದಿಗೆ ಸಿಮೆಂಟ್ ಮೆತ್ತಿದರೆ ಆ ದಾರಿ ಮುಚ್ಚುತ್ತದೆ. ಉಪ್ಪು ಕಲ್ಲಿನ ಮೈಯಲ್ಲೇ ಹರಳಾಗಿ ಕೆತ್ತನೆಯ ಮೂಗು, ಬೆರಳುಗಳನ್ನು ಪುಡಿ ಮಾಡುತ್ತದೆ. ಇದು ಮರುದಿನ ಕಾಣುವುದಿಲ್ಲ, ಹತ್ತು ವರ್ಷದ ಮೇಲೆ ಕಾಣುತ್ತದೆ. ಮಣ್ಣಿನ ಗೋಡೆಗಳಿಗೆ ಸಿಮೆಂಟ್ ಸಾರಣೆ ಮಾಡಿದರೂ ಇದೇ ಗತಿ, ಇನ್ನೂ ಬೇಗ.

ಸುಣ್ಣದ ಕೆಲಸ ಗೊತ್ತಿದ್ದ ಗಾರೆಯವರು ಇನ್ನೂ ಇದ್ದಾರೆ. ಸುಣ್ಣವನ್ನು ವಾರಗಟ್ಟಲೆ ಕೊಳೆಹಾಕಿ, ಬೆಲ್ಲ, ಅಳಲೆಕಾಯಿ ನೀರು ಸೇರಿಸಿ ಅರೆಯುವುದನ್ನು ನೋಡಿದ ಅಜ್ಜಂದಿರು ನಿಮ್ಮ ಊರಿನಲ್ಲೇ ಇರಬಹುದು. ಅವರನ್ನು ಹುಡುಕಿ ಕೂರಿಸಿ, ನಾಲ್ಕು ಹುಡುಗರಿಗೆ ಕಲಿಸಲು ಕೇಳಿ. ಸಿಮೆಂಟ್ ಕೊಡುವ ದಾನಿಗೆ, "ಸ್ವಾಮಿ, ಅದರ ಬದಲು ಈ ಹುಡುಗರ ಕೂಲಿ ಕೊಡಿ" ಎನ್ನಿ. ನಾನು ಕೇಳಿದ ಮಟ್ಟಿಗೆ ಹೆಚ್ಚಿನವರು ಒಪ್ಪಿದ್ದಾರೆ.

ಎಂಜಿನಿಯರ್ ಈಗಲೇ ಕೆಲಸ ಶುರು ಮಾಡಿ ಎನ್ನುತ್ತಾರೆ, ತಂತ್ರಿಗಳು ಪ್ರಶ್ನೆ ಇಡಿಸದೆ (ಜ್ಯೋತಿಷಿಗಳಿಂದ ದೇವರ ಇಚ್ಛೆ ಕೇಳಿಸದೆ) ಒಂದು ಕಲ್ಲೂ ಅಲುಗಬಾರದು ಎನ್ನುತ್ತಾರೆ. ಯಾರ ಮಾತು ಕೇಳಬೇಕು?

ಇಬ್ಬರನ್ನೂ ಎದುರುಬದುರು ಕೂರಿಸಿ. ಮುಕ್ಕಾಲು ಪಾಲು ಜಗಳ ಇಬ್ಬರೂ ಒಬ್ಬರನ್ನೊಬ್ಬರು ಕಾಣದಿರುವುದರಿಂದ ಹುಟ್ಟಿದ್ದು. ನಮ್ಮ ಸಂಪ್ರದಾಯದಲ್ಲೇ ಇದಕ್ಕೆ ದಾರಿಯಿದೆ: ಬಾಲಾಲಯ. ಜೀರ್ಣೋದ್ಧಾರದ ಕಾಲದಲ್ಲಿ ದೇವರ ಸಾನ್ನಿಧ್ಯವನ್ನು ಚಿಕ್ಕ ತಾತ್ಕಾಲಿಕ ಗುಡಿಗೆ ತಂದು ಅಲ್ಲಿ ಪೂಜೆ ಮುಂದುವರಿಸುವುದು, ಮುಗಿದ ಮೇಲೆ ಪುನರ್ ಪ್ರತಿಷ್ಠೆ. ಇದಾದ ಮೇಲೆ ಎಂಜಿನಿಯರಿಗೆ ಗರ್ಭಗುಡಿಯಲ್ಲಿ ಕೆಲಸ ಮಾಡಲು ಅಡ್ಡಿಯಿಲ್ಲ. ಬಾಲಾಲಯದ ಮುಹೂರ್ತಕ್ಕೆ ಮುನ್ನ ಗೋಡೆ ಬೀಳುವಂತಿದ್ದರೆ ಮರದ ಊರೆ ಕೊಟ್ಟು ನಿಲ್ಲಿಸಿ. ಊರೆ ಕೊಡಬೇಡಿ ಎಂದ ತಂತ್ರಿಯನ್ನು ನಾನು ಕಂಡಿಲ್ಲ.

ಸಂರಕ್ಷಿತ ಸ್ಮಾರಕದ ಪಕ್ಕದಲ್ಲಿ ನಮ್ಮ ಮನೆ ಬಿದ್ದಿದೆ. ಮನೆಯನ್ನಾದರೂ ಕಟ್ಟಿಕೊಳ್ಳಬಹುದೇ?

ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕವಾದರೆ 2010ರ ತಿದ್ದುಪಡಿಯ ಪ್ರಕಾರ ಸುತ್ತಲಿನ 100 ಮೀಟರು ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರು ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸದನ್ನು ಕಟ್ಟುವಂತಿಲ್ಲ, ದುರಸ್ತಿಗೆ ಅನುಮತಿ ಕೇಳಬಹುದು. ಹಾಗಾಗಿ ಬಿದ್ದ ಮನೆಯ ಅಡಿಪಾಯ, ಉಳಿದ ಗೋಡೆಗಳನ್ನು ನೆಲಸಮ ಮಾಡುವ ಮೊದಲು ಅಳತೆ, ಫೋಟೊ, ತೆರಿಗೆ ರಸೀದಿ ಎಲ್ಲವನ್ನೂ ಜೋಡಿಸಿಟ್ಟುಕೊಳ್ಳಿ. ಕುರುಹೇ ಇಲ್ಲದ ಮೇಲೆ ದುರಸ್ತಿ ಎಂದು ವಾದಿಸುವುದು ಕಷ್ಟ. ಐಹೊಳೆಯಂಥ ಊರುಗಳಲ್ಲಿ ಗುಡಿಗಳ ನಡುವೆಯೇ ಬದುಕಿದವರಿಗೆ ಈ ಸಂಕಟ ಚೆನ್ನಾಗಿ ಗೊತ್ತು.

ದೇವರಕಾಡಿನಲ್ಲಿ ನೂರಾರು ವರ್ಷದ ಮರಗಳು ಉರುಳಿವೆ. ಮಾರಿ, ಬಂದ ಹಣದಲ್ಲಿ ಗುಡಿ ಕಟ್ಟಿದರೆ ದೇವರ ಹಣ ದೇವರಿಗೇ ಅಲ್ಲವೇ?

ಬಹಳ ಸಲ ಕೇಳಿದ್ದೇನೆ, ಪ್ರತಿ ಸಲವೂ ಬೇಡವೆಂದೇ ಹೇಳಿದ್ದೇನೆ. ಮೊದಲನೆಯದಾಗಿ ಕೊಡಗಿನ ದೇವರಕಾಡುಗಳು ದಾಖಲೆಯಲ್ಲಿ ಅರಣ್ಯ ಇಲಾಖೆಯ ಸುಪರ್ದಿನಲ್ಲಿವೆ. ಉರುಳಿದ ಮರವನ್ನೂ ಅನುಮತಿಯಿಲ್ಲದೆ ಸಾಗಿಸುವಂತಿಲ್ಲ. ಎರಡನೆಯದಾಗಿ, ದೇವರಕಾಡಿನ ಒಣಕಡ್ಡಿಯನ್ನೂ ಮನೆಗೆ ತರಬಾರದು ಎಂಬ ಕಟ್ಟಳೆ ಹಿರಿಯರದು. ಬಿದ್ದ ಮರ ಬಿದ್ದಲ್ಲೇ ಕೊಳೆತು ಮಣ್ಣಾಗುತ್ತದೆ, ಮುಂದಿನ ಸಸಿ ಅದರ ಮೇಲೆಯೇ ಏಳುತ್ತದೆ. ಜಾರಿದ ಇಳಿಜಾರಿನಲ್ಲಿ ಅಡ್ಡ ಬಿದ್ದ ದಿಮ್ಮಿ ಮಣ್ಣನ್ನೂ ಹಿಡಿಯುತ್ತದೆ. ದಾರಿಗೆ, ಗುಡಿಯ ಮಾಡಿಗೆ ಅಡ್ಡವಾದದ್ದನ್ನು ಮಾತ್ರ ಇಲಾಖೆಯ ಎದುರಿನಲ್ಲಿ ತುಂಡರಿಸಿ ಬದಿಗೆ ಸರಿಸಿ.

ಖಾಲಿಯಾದ ಜಾಗಕ್ಕೆ ಸಿಲ್ವರ್ ಓಕ್, ಅಕೇಶಿಯ ತಂದು ನೆಡಬೇಡಿ. ಆ ಕಾಡಿನದೇ ಧೂಪ, ಹಲಸು, ನೇರಳೆ, ಹೊನ್ನೆಯ ಬೀಜ ಆರಿಸಿ ಸಸಿ ಮಾಡಿ. ಯಾವ ಬೀಜ ಯಾವ ತಿಂಗಳು ಬೀಳುತ್ತದೆಂದು ಕುಡಿಯರನ್ನು, ಕುರುಬರನ್ನು ಕೇಳಿ, ಆ ಕೆಲಸಕ್ಕೆ ಅವರಿಗೆ ಕೂಲಿ ಕೊಡಿ. ದೇವರ ಕೆಲಸವೆಂದು ಪುಕ್ಕಟೆ ದುಡಿಸಬೇಡಿ.

ಹಣ ಎಲ್ಲಿಂದ?

ಮುಜರಾಯಿ ಗುಡಿಯಾದರೆ ಆ ಇಲಾಖೆಗೆ ಅರ್ಜಿ ಹಾಕಿ. ಹಿಂದುಳಿದವರ, ದಲಿತರ ಆರಾಧನಾ ಸ್ಥಳಗಳಿಗೆ ಆರಾಧನಾ ಯೋಜನೆ ಇದೆ. ಹಳೆಯ ದೇವಾಲಯಗಳಿಗೆ ಸರ್ಕಾರ, ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್, ಊರವರು ವೆಚ್ಚ ಹಂಚಿಕೊಂಡು ಮಾಡುವ ಕ್ರಮವಿದೆ. ಊರಿನ ಪಾಲು ಎಷ್ಟು ಚಿಕ್ಕದಾದರೂ ಇರಲಿ. ಮನೆ ಕಳೆದುಕೊಂಡವರಿಂದ ಮಾತ್ರ ರಸೀದಿ ಪುಸ್ತಕ ಹಿಡಿದು ವಸೂಲಿ ಮಾಡಬೇಡಿ. ಅವರ ಪಾಲು ಶ್ರಮವಾಗಿ, ನೆನಪಾಗಿ ಬರುತ್ತದೆ. ಲೆಕ್ಕವನ್ನು ಪ್ರತಿ ತಿಂಗಳು ಗುಡಿಯ ಗೋಡೆಗೆ ಅಂಟಿಸಿ.

## ಕಠಿಣವಾದವು

ಊರೇ ಸ್ಥಳಾಂತರವಾಗಿದೆ. ದೇವರನ್ನೂ ಹೊಸ ಬಡಾವಣೆಗೆ ಕೊಂಡೊಯ್ಯಬೇಕೇ?

2018ರ ನಂತರ ಕೊಡಗಿನಲ್ಲಿ ಮನೆ ಕಳೆದುಕೊಂಡವರಿಗೆ ಕರ್ಣಂಗೇರಿ, ಮದೆನಾಡು, ಜಂಬೂರಿನಂಥ ಕಡೆ ಮನೆಗಳನ್ನು ಕಟ್ಟಿಕೊಡಲಾಯಿತು. ಗಟ್ಟಿ ಮನೆಗಳು, ಒಂದರ ಪಕ್ಕ ಒಂದು ಸಾಲಾಗಿ. ತೋಟದ ನಡುವಿನ ಒಂಟಿ ಮನೆಯಲ್ಲಿ ಹುಟ್ಟಿ ಬೆಳೆದವರು ಅಲ್ಲಿಗೆ ಬಂದರು. ಉತ್ತರ ಕರ್ನಾಟಕದಲ್ಲಿ 2009ರ ನೆರೆಯ ನಂತರ ಕಟ್ಟಿದ ಆಸರೆ ಮನೆಗಳಲ್ಲಿ ಎಷ್ಟೋ ಖಾಲಿ ಉಳಿದವು. ಹೊಲ ದೂರ, ಜಾಗ ಸಾಲದು, ಇನ್ನೂ ಹಲವು ಕಾರಣ. ಹಳೆಯ ಊರಿನ ಗುಡಿಯೂ ಆ ಕಾರಣಗಳಲ್ಲಿ ಒಂದೆಂದು ಅಲ್ಲಿನವರೇ ಹೇಳುತ್ತಾರೆ.

ಎಲ್ಲ ದೇವರೂ ಒಂದೇ ತೆರನಲ್ಲ. ಪ್ರತಿಷ್ಠೆಯ ಮೂರ್ತಿಯನ್ನು ವಿಧಿಪೂರ್ವಕವಾಗಿ ತರಬಹುದು. ಹುತ್ತ, ಉದ್ಭವ ಕಲ್ಲು, ಬನ ಇವನ್ನು ತರಲಾಗದು, ಅವು ಆ ನೆಲವೇ ಆಗಿವೆ. ಹಾಗಾದಾಗ ಕೆಲವರು ಅಲ್ಲಿನ ಮಣ್ಣು, ದೀಪ ತಂದು ಹೊಸ ಜಾಗದಲ್ಲಿಟ್ಟು ಪೂಜಿಸುತ್ತಾರೆ, ವರ್ಷಕ್ಕೊಮ್ಮೆ ಮೂಲಸ್ಥಾನಕ್ಕೆ ಹೋಗಿ ಬರುತ್ತಾರೆ. ಆ ಒಂದು ದಿನಕ್ಕೆ ದಾರಿ ಬೇಕು. ಹಳೆಯ ಜಾಗ ಯಾರ ಹೆಸರಿಗೆ ಹೋಯಿತು, ಬೇಲಿ ಎಲ್ಲಿ ಬಂತು ಎಂದು ನೋಡಿಕೊಂಡು, ಹೋಗಿಬರುವ ಹಕ್ಕನ್ನು ಪುನರ್ವಸತಿಯ ಆದೇಶದಲ್ಲೇ ಬರೆಸಿ. ಆಮೇಲೆ ಬರೆಸುವುದು ಬಲು ಕಷ್ಟ. ಹೊಸ ಬಡಾವಣೆಯ ನಕ್ಷೆ ಬರೆಯುವವರಿಗೂ ಒಂದು ಮಾತು: ಹತ್ತು ಸೆಂಟು ಜಾಗವನ್ನು ಏನೂ ಕಟ್ಟದೆ ಬಿಡಿ. ಅದನ್ನೇನು ಮಾಡಬೇಕೆಂದು ಜನರಿಗೆ ಗೊತ್ತು.

ಗುಡ್ಡ ಮತ್ತೆ ಜಾರಬಹುದು ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ಊರವರು ಅಲ್ಲೇ ಕಟ್ಟುತ್ತೇವೆ ಎನ್ನುತ್ತಾರೆ. ಜನರ ಮಾತೇ ಅಂತಿಮವೇ?

ಇಲ್ಲಿ ಅಲ್ಲ. ಜೀವಕ್ಕೆ ಅಪಾಯವಿದ್ದರೆ ವಿಜ್ಞಾನಿಗಳ ಮಾತು ಮೊದಲು. ಆದರೆ ಅದನ್ನು ಹೇಳುವ ರೀತಿ ಇದೆ. "ಕಟ್ಟಬಾರದು" ಎಂಬ ಒಂದು ಸಾಲಿನ ನೋಟಿಸು ಯಾರಿಗೂ ಏನನ್ನೂ ತಿಳಿಸುವುದಿಲ್ಲ. ಭೂವಿಜ್ಞಾನಿಯನ್ನು ಊರಿಗೆ ಕರೆದುಕೊಂಡು ಬನ್ನಿ, ಬಿರುಕು ತೋರಿಸಲಿ, ಎಲ್ಲಿಂದ ನೀರು ಒಸರುತ್ತಿದೆಯೆಂದು ಊರವರು ತೋರಿಸಲಿ. 2018ರ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ರಸ್ತೆಗೆಂದು, ಕಟ್ಟಡಕ್ಕೆಂದು ಇಳಿಜಾರನ್ನು ಕಡಿದದ್ದನ್ನು ಮುಖ್ಯ ಕಾರಣವಾಗಿ ಗುರುತಿಸಿತು. ಗುಡಿಗೆ ಹೊಸ ಕಲ್ಯಾಣ ಮಂಟಪ, ವಾಹನ ನಿಲ್ದಾಣ ಎಂದು ಗುಡ್ಡ ಕಡಿಯುವ ಸಮಿತಿಗಳು ಈ ಮಾತನ್ನು ಕೇಳಿಸಿಕೊಳ್ಳಬೇಕು. ನಡುದಾರಿಯೂ ಇರುತ್ತದೆ: ಕಲ್ಲು, ಕಟ್ಟೆ ಅಲ್ಲೇ ಇರಲಿ, ಮಾಡು ಕಟ್ಟುವುದು ಬೇಡ, ಮಳೆಗಾಲದ ಮೂರು ತಿಂಗಳು ಯಾರೂ ಹೋಗುವುದು ಬೇಡ.

ಕೆಲವರ ದೇಹ ಸಿಗಲೇ ಇಲ್ಲ. ಆ ಜಾಗದಲ್ಲಿ ಏನು ಮಾಡಬೇಕು?

ಅದನ್ನು ಸ್ಮಶಾನವೆಂದೇ ತಿಳಿಯಿರಿ. ಅಲ್ಲಿ ನಿಂತು ಸೆಲ್ಫಿ ತೆಗೆಯುವವರನ್ನು ತಡೆಯುವುದೇ ಮೊದಲ ಕೆಲಸ. ವಯನಾಡಿನಲ್ಲಿ ಗುರುತು ಸಿಗದ ದೇಹಗಳನ್ನು ಪುತ್ತುಮಲೆಯಲ್ಲಿ ಮಣ್ಣು ಮಾಡುವಾಗ ಎಲ್ಲ ಧರ್ಮದವರ ಪ್ರಾರ್ಥನೆ ನಡೆಯಿತು, ಗೋರಿಗಳ ಮೇಲೆ ಹೆಸರಿನ ಬದಲು ಸಂಖ್ಯೆಗಳಿದ್ದವು. ಆಮೇಲೆ ಡಿಎನ್‌ಎ ಹೊಂದಿ ಹೆಸರು ಸಿಕ್ಕಾಗ, ಎಲ್ಲಿ ಹೋಗಿ ನಿಲ್ಲಬೇಕೆಂದು ಮನೆಯವರಿಗೆ ತಿಳಿಯಿತು. ಸ್ಮಾರಕ ಕಟ್ಟುವ ಆತುರ ಬೇಡ. ಒಂದು ವರ್ಷದ ತಿಥಿ ಕಳೆಯಲಿ, ಬೇಕೇ ಬೇಡವೇ ಎಂದು ಆ ಮನೆಗಳವರೇ ಹೇಳಲಿ.

ನೇಪಾಳದಲ್ಲಿ ಜನರೇ ಗುಡಿಗಳನ್ನು ಕಟ್ಟಿಕೊಂಡರು ಎನ್ನುತ್ತಾರೆ. ನಿಜವೇ? ನಮ್ಮಲ್ಲಿ ಆಗುತ್ತದೆಯೇ?

ನಿಜ, ಆದರೆ ಸುಲಭವಾಗಿ ಆಗಲಿಲ್ಲ. ಪಶುಪತಿನಾಥದಲ್ಲಿ ಪೂಜೆ ಮಾಡುವ ಭಟ್ಟರು ನಮ್ಮ ಕರ್ನಾಟಕದವರಾದ್ದರಿಂದ ಅಲ್ಲಿನ ಸುದ್ದಿ ನಮ್ಮ ಮನೆಗಳಿಗೂ ತಲುಪುತ್ತಿತ್ತು. 2015ರ ಏಪ್ರಿಲ್ 25ರ 7.8ರ ಭೂಕಂಪದಲ್ಲಿ ಸುಮಾರು 9,000 ಜನ ಸತ್ತರು. ಪಾಟನ್‌ನ ಅರಮನೆ ಚೌಕದಲ್ಲಿ ಗುಡಿಗಳು ಕುಸಿದಾಗ ಸ್ಥಳೀಯರು, ಪೊಲೀಸರು, ಅಲ್ಲಿ ಮೊದಲಿನಿಂದ ಕೆಲಸ ಮಾಡುತ್ತಿದ್ದ ಕಠ್ಮಂಡು ಕಣಿವೆ ಸಂರಕ್ಷಣಾ ಟ್ರಸ್ಟ್‌ನವರು ಕೆತ್ತನೆಯ ಮರ, ಇಟ್ಟಿಗೆಗಳನ್ನು ಆಯ್ದು ಅರಮನೆಯ ಆವರಣದಲ್ಲಿ ಕೂಡಿಟ್ಟರು. ಆ ತುಂಡುಗಳೇ ಮತ್ತೆ ಗುಡಿಗಳಾದವು.

ಕಠ್ಮಂಡುವಿನ ಹಳೆಯ ಮರದ ಮಂಟಪವಾದ ಕಾಷ್ಠಮಂಡಪದ ಕತೆ ಬೇರೆ. ಭೂಕಂಪದ ದಿನ ಅಲ್ಲಿ ರಕ್ತದಾನ ಶಿಬಿರ ನಡೆಯುತ್ತಿತ್ತು, ಒಳಗಿದ್ದವರು ಸತ್ತರು. ಅವಶೇಷಗಳನ್ನು ಯಂತ್ರಗಳಿಂದ ಎತ್ತಲಾಯಿತು. ಆಮೇಲೆ ಪುರಾತತ್ವಜ್ಞರು ಅಗೆದು ನೋಡಿದರೆ ಅಡಿಪಾಯ ಭದ್ರವಾಗಿಯೇ ಇತ್ತು, ಅಂದುಕೊಂಡದ್ದಕ್ಕಿಂತ ಶತಮಾನಗಳಷ್ಟು ಹಳೆಯದೂ ಆಗಿತ್ತು. ಹೇಗೆ ಕಟ್ಟಬೇಕೆಂಬ ಜಗಳದಲ್ಲಿ ವರ್ಷಗಳು ಹೋಗಿ, ಕೊನೆಗೆ ಸ್ಥಳೀಯರೇ ಸೇರಿದ ಸಮಿತಿ ಹಳೆಯ ಪದ್ಧತಿಯಲ್ಲೇ ಕಟ್ಟಿತು, 2022ರಲ್ಲಿ ಮುಗಿಯಿತು. ರಾಣಿ ಪೋಖರಿ ಕೊಳಕ್ಕೆ ಕಾಂಕ್ರೀಟ್ ಸುರಿಯಲು ಹೊರಟಾಗ ಜನ ಬೀದಿಗಿಳಿದು ನಿಲ್ಲಿಸಿದರು, ಜೇಡಿಮಣ್ಣು ಹಾಕಿಸಿದರು.

ಅವರ ಕೈಯಲ್ಲಿದ್ದದ್ದು ಗುಠಿ ಎಂಬ ಹಳೆಯ ವ್ಯವಸ್ಥೆ: ಗುಡಿಗೆ ಬಿಟ್ಟ ಜಮೀನು, ಆ ಆದಾಯದಲ್ಲಿ ಪೂಜೆ, ದುರಸ್ತಿ, ಹಬ್ಬ ನಡೆಸುವ ಮನೆತನಗಳು. 2019ರಲ್ಲಿ ಸರ್ಕಾರ ಗುಠಿಗಳ ಮೇಲೆ ಮಸೂದೆ ತಂದಾಗ ಸಾವಿರಾರು ಜನ ಪ್ರತಿಭಟಿಸಿ ಹಿಂತೆಗೆಸಿದರು. ನಮ್ಮಲ್ಲಿ ತಕ್ಕಾಮೆ (ತಕ್ಕರ ಹೊಣೆ), ಗುತ್ತು (ದೈವದ ಹೊಣೆ ಹೊತ್ತ ಮನೆತನ), ಬಾಬುದಾರರು (ಹಬ್ಬದ ಒಂದೊಂದು ಕೆಲಸದ ಹಕ್ಕುದಾರರು), ಉಂಬಳಿ (ಸೇವೆಗೆ ಬಿಟ್ಟ ಜಮೀನು) ಎಂದು ಇದಕ್ಕೆ ಹತ್ತಿರದ ಕಟ್ಟುಗಳಿದ್ದವು; ಕೆಲವು ಇನ್ನೂ ಜೀವಂತ. ಹೊಸ ಸಮಿತಿ ಮಾಡುವ ಮೊದಲು ನಿಮ್ಮ ಊರಿನಲ್ಲಿ ಇಂಥದ್ದೇನಿದೆ ನೋಡಿ. ಜಾತಿಯ ಮೇಲುಕೀಳನ್ನು ಬಿಟ್ಟು, ಹೊಣೆಯ ಹಂಚಿಕೆಯನ್ನು ಇಟ್ಟುಕೊಳ್ಳುವುದು ಸಾಧ್ಯ.

ಮುಂದಿನ ಮಳೆಗಾಲಕ್ಕೆ ಮೊದಲು ನಾವೇ ಮಾಡಬಹುದಾದದ್ದು ಏನಾದರೂ ಇದೆಯೇ?

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2017ರಲ್ಲಿ ಪಾರಂಪರಿಕ ತಾಣಗಳಿಗೆಂದೇ ಮಾರ್ಗಸೂಚಿ ತಂದಿದೆ. ನಿಮ್ಮ ಪಂಚಾಯಿತಿಯ ವಿಪತ್ತು ಯೋಜನೆಯಲ್ಲಿ ನಿಮ್ಮ ಗುಡಿ, ಬನ, ದರ್ಗಾ, ಸ್ಮಶಾನಗಳ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಸೇರಿಸಿ. ಪಟ್ಟಿಯಲ್ಲಿದ್ದರೆ ಯಂತ್ರ ಬಂದ ದಿನ ತೋರಿಸಲು ಒಂದು ಕಾಗದವಾದರೂ ಇರುತ್ತದೆ.

ಇನ್ನೊಂದು ಕೆಲಸಕ್ಕೆ ಖರ್ಚೇ ಇಲ್ಲ. ಏಪ್ರಿಲ್ ತಿಂಗಳ ಒಂದು ಭಾನುವಾರ, ಊರಿನ ಹಿರಿಯರೊಬ್ಬರು ಮತ್ತು ಶಾಲೆಗೆ ಹೋಗುವ ಮಗುವೊಂದು ಮೊಬೈಲ್ ಹಿಡಿದು ಆ ಜಾಗವನ್ನು ಸುತ್ತಲಿ. ಹಿರಿಯರು ಕಲ್ಲು, ಮರ, ಬಾಗಿಲು ಒಂದೊಂದರ ಹೆಸರು ಹೇಳಲಿ, ಮಗು ಫೋಟೊ ತೆಗೆಯುತ್ತ ಆ ಮಾತುಗಳನ್ನು ಧ್ವನಿಮುದ್ರಿಸಲಿ. ಕೀಲಿಕೈ ಯಾರ ಬಳಿ, ಅವರಿಲ್ಲದಿದ್ದರೆ ಯಾರ ಬಳಿ. ನೀರು ಏರಿದರೆ ಉತ್ಸವ ಮೂರ್ತಿ ಯಾರ ಮನೆಯ ಅಟ್ಟಕ್ಕೆ ಹೋಗಬೇಕು, ಅದನ್ನು ಹೊರುವ ನಾಲ್ವರು ಯಾರು ಎಂದು ಬರೆಯಲಿ. ಒಂದು ಪ್ರತಿ ಪಂಚಾಯಿತಿಯಲ್ಲಿ, ಒಂದು ಪ್ರತಿ ಮಳೆ ಬೀಳದ ಊರಿನಲ್ಲಿರುವ ಮಗಳ ಮನೆಯಲ್ಲಿ ಇರಲಿ. ಮಣ್ಣಿನ ನಾಯಿಗಳ ಊರಿನಲ್ಲಿ ಈಗ ಹೀಗೇ ಮಾಡಿದ್ದಾರೆ. ಉಳಿದ ನಾಯಿಗಳನ್ನು ಎಣಿಸಿ, ಸಾಲು ಸಾಲಾಗಿ ಫೋಟೊ ತೆಗೆದಿದ್ದಾರೆ. ಹಳ್ಳದ ಬದಿಯ ರಾಶಿಯಿಂದ ಆಯ್ದ ಚೂರುಗಳು ಮೂರು ಗೋಣಿಚೀಲಗಳಲ್ಲಿ ಗುಡಿಯ ಹಿಂದಿನ ಜಗಲಿಯ ಮೇಲಿವೆ. ಬಿಡುವಾದಾಗ ಯಾರಾದರೂ ಕೂತು ಜೋಡಿಸುತ್ತಾರೆ.